ದೀಪದ ಮಾಡದಲ್ಲಿ ಕೂತವಳು

ನಮ್ಮ ಅತ್ತೆ ಯಾರಿಗೂ ಹೇಳದೆ ಬಸ್ಸು ಹತ್ತಿ ಹೋದದ್ದು ಎರಡು ವರ್ಷದ ಹಿಂದೆ, ಕಡಲೆ ಸುಗ್ಗಿಯ ದಿನಗಳಲ್ಲಿ. ನಡುಮಧ್ಯಾಹ್ನ ಬಾಗಿಲು ತೆರೆದೇ ಬಿಟ್ಟು, ಒಲೆಯ ಮೇಲೆ ಹಾಲಿಟ್ಟು, ಬರಿಗಾಲಲ್ಲಿ ನಡೆದು ಹೋಗಿ ನವಲಗುಂದದ ಬಸ್ಸಿನಲ್ಲಿ ಕೂತಿದ್ದರು. ಎಲ್ಲಿಗೆ ಎಂದು ಕಂಡಕ್ಟರ್ ಕೇಳಿದರೆ "ಮನಿಗಿ" ಎಂದರಂತೆ. ಯಾವ ಮನೆ ಎಂದು ಕೇಳಿದರೆ ಸುಮ್ಮನೆ ಕಿಟಕಿಯಾಚೆ ನೋಡಿದರಂತೆ. ನನ್ನ ಗಂಡ ಬಸ್ ಡ್ರೈವರ್. ಹಾಗಾಗಿ ಆ ಕಂಡಕ್ಟರಿಗೆ ಮುಖದ ಗುರುತಿತ್ತು. ಅವನೇ ನಮಗೆ ಫೋನು ಮಾಡಿ, ತಿರುಗಿ ಬರುವ ಬಸ್ಸಿನಲ್ಲಿ ಅವರನ್ನು ಕೂರಿಸಿ ಕಳಿಸಿದ. ನಾನು ಮನೆ ಮುಟ್ಟುವ ಹೊತ್ತಿಗೆ ಹಾಲಿನ ಪಾತ್ರೆ ಇದ್ದಿಲಿನಂತಾಗಿತ್ತು, ಪಡಸಾಲೆಯ ತುಂಬ ಹೊಗೆ.

ಅದಕ್ಕೂ ಮುಂಚೆ ಮರೆವು ಇರಲಿಲ್ಲವೆಂದಲ್ಲ. ಉಂಡದ್ದನ್ನು ಮರೆತು ಮತ್ತೆ ತಾಟು ಇಟ್ಟುಕೊಳ್ಳುವುದು, ನನ್ನ ಮಗಳನ್ನು ನನ್ನ ಹೆಸರಿನಿಂದ ಕರೆಯುವುದು, ಇಂಥವೆಲ್ಲ ಇದ್ದವು. ಎಪ್ಪತ್ತು ದಾಟಿದವರಿಗೆ ಇದೆಲ್ಲ ಇದ್ದದ್ದೇ ಎಂದುಕೊಂಡಿದ್ದೆವು. ಬಸ್ಸಿನ ಸಂಗತಿಯಾದ ಮೇಲೆ ಹುಬ್ಬಳ್ಳಿಯಲ್ಲಿ ತೋರಿಸಿದೆವು. ಡಾಕ್ಟರು ಗುಳಿಗೆ ಬರೆದುಕೊಟ್ಟು, "ಒಬ್ಬರನ್ನೇ ಬಿಡಬೇಡಿ. ಇಲ್ಲದ್ದು ಕಂಡ ಹಾಗೆ ಆಗಬಹುದು, ಹೆದರಬೇಡಿ" ಎಂದರು.

ಒಬ್ಬರನ್ನೇ ಬಿಡದೆ ಇರುವುದು ಹೇಗೆ? ನಾನು ಅಣ್ಣಿಗೇರಿಯ ಹೊರಗಿನ ಒಂದು ವೇಬ್ರಿಡ್ಜಿನಲ್ಲಿ ಕೆಲಸ ಮಾಡುತ್ತೇನೆ. ಲಾರಿ, ಟ್ರ್ಯಾಕ್ಟರುಗಳು ಕಬ್ಬಿಣದ ಹಾಸಿನ ಮೇಲೆ ಬಂದು ನಿಲ್ಲುತ್ತವೆ. ನಾನು ಒಳಗೆ ಕಂಪ್ಯೂಟರಿನ ಮುಂದೆ ಕೂತು ತೂಕದ ಚೀಟಿ ತೆಗೆದುಕೊಡುತ್ತೇನೆ. ನಮ್ಮೂರಿನಿಂದ ಸ್ಕೂಟಿಯಲ್ಲಿ ಇಪ್ಪತ್ತು ನಿಮಿಷದ ಹಾದಿ. ಮನೆಯವರು ನಸುಕಿನಲ್ಲಿ ಡ್ಯೂಟಿಗೆ ಹೋದರೆ ಬರುವುದು ಸಂಜೆಗೆ. ಮಗಳು ಧಾರವಾಡದ ಹಾಸ್ಟೆಲಿನಲ್ಲಿ. ಎದುರು ಮನೆಯಾಕೆಗೆ ಹೇಳಿಟ್ಟಿದ್ದೆ. ಆದರೆ ಸುಗ್ಗಿಯಲ್ಲಿ ಅವಳೂ ಹೊಲದಲ್ಲಿರುತ್ತಿದ್ದಳು. ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರ ತನಕ ಅತ್ತೆಯ ಜೊತೆಗೆ ಯಾರೂ ಇಲ್ಲ.

ಅತ್ತೆಯ ಬಗ್ಗೆ ಒಂದು ಮಾತು ಹೇಳಬೇಕು. ನಾನು ಆ ಮನೆಗೆ ಸೊಸೆಯಾಗಿ ಬಂದು ಹತ್ತೊಂಬತ್ತು ವರ್ಷವಾಗಿತ್ತು. ಅವರು ನನ್ನನ್ನು ಬೈದದ್ದಿಲ್ಲ, ಹೊಗಳಿದ್ದೂ ಇಲ್ಲ. ಹಿಟ್ಟು ಮುಗಿದಿದೆ, ನೀರು ಬಂದಿದೆ, ಬೀಗ ಹಾಕಿದೆಯಾ: ನಮ್ಮಿಬ್ಬರ ನಡುವಿನ ಮಾತೆಂದರೆ ಇಷ್ಟೇ. ಸಂಜೆ ಹೊತ್ತು ಪಡಸಾಲೆಯ ಕಂಬಕ್ಕೆ ಆತು ಕೂತು ಎಲ್ಲೋ ನೋಡುತ್ತಿದ್ದರು. ಏನು ಯೋಚಿಸುತ್ತೀರಿ ಎಂದು ಕೇಳುವ ಸಲಿಗೆ ನನಗೆ ಇರಲಿಲ್ಲ.

ಕ್ಯಾಮೆರಾ ಇಡುವ ಉಪಾಯ ಹೇಳಿದ್ದು ಮಗಳು. ಅವಳ ಹಳೆಯ ಮೊಬೈಲು ಮನೆಯಲ್ಲೇ ಬಿದ್ದಿತ್ತು. ಅದನ್ನು ಅಣ್ಣಿಗೇರಿಯ ಒಂದು ಮೊಬೈಲ್ ಅಂಗಡಿಗೆ ಒಯ್ದೆ. ಆ ಅಂಗಡಿಯವರು ರೇಡಿಯೊ ರಿಪೇರಿಯ ಕಾಲದಿಂದ ಅಲ್ಲೇ ಕೂತವರು, ತಲೆ ಪೂರ್ತಿ ನರೆತಿದೆ. ಫೋನನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಹಿಂದಿನ ಕ್ಯಾಮೆರಾ ಒಡದೈತ್ರಿ ತಂಗಿ. ಮುಂದಿಂದು ಚಲೋ ಐತಿ. ಅದರಾಗ ನಡಸೂಣು. ಒಂದ ಆ್ಯಪ್ ಹಾಕಿಕೊಡ್ತೀನಿ. ನಿಮ್ಮ ಫೋನಿನ್ಯಾಗ ಮನಿ ಕಾಣ್ತೈತಿ, ಮಾತೂ ಕೇಳಿಸ್ತೈತಿ. ಆದ್ರ ಒಂದ ತ್ರಾಸ ಐತಿ."

"ಏನ್ರಿ ಕಾಕಾ?"

"ಸ್ಕ್ರೀನ್ ಆರಿತಂದ್ರ ಆ್ಯಪ್ಪೂ ಮಲಗಿಬಿಡ್ತೈತಿ. ಇದಕ್ಕ ನಿದ್ದಿ ಬರದಂಗ ಮಾಡಬೇಕು."

ಅವರು ಸೆಟ್ಟಿಂಗಿನ ಒಳಗೆಲ್ಲೋ ಹೋಗಿ, ಒಂದೇ ಸಾಲಿನ ಮೇಲೆ ಬೆರಳಿನಿಂದ ಏಳು ಸಲ ಬಡಿದರು. ಏಳನೇ ಸಲಕ್ಕೆ ಫೋನು ಅಲ್ಲಿಯ ತನಕ ಬಚ್ಚಿಟ್ಟುಕೊಂಡಿದ್ದ ಒಂದು ಹೊಸ ಪಟ್ಟಿಯನ್ನೇ ತೆರೆಯಿತು. ಚಾರ್ಜ್ ಆಗುತ್ತಿರುವಷ್ಟು ಹೊತ್ತು ಪರದೆ ಎಚ್ಚರವಾಗಿರಲಿ ಎಂಬ ಒಂದು ಗುಂಡಿ ಅದರಲ್ಲಿತ್ತು. ಅದನ್ನು ಒತ್ತಿ ನನ್ನ ಕೈಗೆ ಕೊಟ್ಟರು.

"ಇನ್ನ ಚಾರ್ಜರ್ ಹಚ್ಚಿರೂತನ ಇದು ಕಣ್ಣ ಮುಚ್ಚಂಗಿಲ್ಲ. ಕರೆಂಟ್ ಹೋದ್ರ ಮಲಗ್ತೈತಿ. ಕರೆಂಟ್ ಬಂದ್ರ ತಾನ ಏಳ್ತೈತಿ."

ಪಡಸಾಲೆಯ ಗೋಡೆಯಲ್ಲಿ ಹಿಂದೆ ದೀಪ ಇಡುತ್ತಿದ್ದ ಒಂದು ಮಾಡವಿದೆ. ಎದೆಯೆತ್ತರದಲ್ಲಿ, ಕಮಾನಿನಂತೆ ಕೊರೆದ ಗೂಡು. ಒಳಗೆಲ್ಲ ಎಣ್ಣೆಯ ಕಪ್ಪು. ಪಕ್ಕದಲ್ಲೇ ಪ್ಲಗ್ಗು. ಅಲ್ಲಿಂದ ಇಡೀ ಪಡಸಾಲೆ, ಅಡುಗೆಮನೆಯ ಬಾಗಿಲು, ತಲೆಬಾಗಿಲು ಮೂರೂ ಕಾಣುತ್ತಿದ್ದವು. ನಾನು ಫೋನನ್ನು ಆನಿಸಿ ಇಡುವಾಗ ಅತ್ತೆ ಹಿಂದೆ ಬಂದು ನಿಂತರು.

"ಏನದು?"

"ಮಗಳ ಹಳೇ ಫೋನ್ ರೀ ಅತ್ತಿ. ಚಾರ್ಜಿಗಿ ಇಟ್ಟೀನಿ. ಮುಟ್ಟಬ್ಯಾಡ್ರಿ, ಶಾಕ್ ಹೊಡೀತೈತಿ."

ಇಷ್ಟು ಸುಲಭವಾಗಿ ಸುಳ್ಳು ಹೇಳಿದೆನಲ್ಲ ಎಂದು ನನಗೇ ಆಶ್ಚರ್ಯವಾಯಿತು. ನಿಮ್ಮನ್ನು ನೋಡಲು ಇಟ್ಟಿದ್ದೇನೆ ಎಂದರೆ ಅವರಿಗೆ ಅವಮಾನವಾದೀತು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಬೆಳಿಗ್ಗೆ ಹೊರಡುವ ಗಡಿಬಿಡಿಯಲ್ಲಿ ಚಾರ್ಜರ್ ಹಚ್ಚುವುದು, ಸಂಜೆ ಬಂದ ಕೂಡಲೇ ತೆಗೆಯುವುದು, ಇದು ರೂಢಿಯಾಯಿತು.

ಮೊದಲ ವಾರ ನೆಮ್ಮದಿಯಾಗಿತ್ತು. ಒಂದು ಲಾರಿ ಹೋಗಿ ಇನ್ನೊಂದು ಬರುವ ನಡುವೆ ಫೋನು ತೆರೆದು ನೋಡುತ್ತಿದ್ದೆ. ಪಡಸಾಲೆಯ ನೆಲದ ಮೇಲೆ ಬೆಳಕಿಂಡಿಯ ಬಿಸಿಲು ಒಂದು ಬಿಳಿ ಚೌಕದಂತೆ ಬಿದ್ದಿರುತ್ತಿತ್ತು. ಹೊತ್ತು ಹೋದಂತೆ ಅದು ಅಡುಗೆಮನೆಯ ಕಡೆಗೆ ಸರಿಯುತ್ತಿತ್ತು. ಅತ್ತೆ ಅದರ ಪಕ್ಕ ಕೂತು ಮೊರದಲ್ಲಿ ಕಡಲೆ ಹಸನು ಮಾಡುತ್ತಿದ್ದರು, ಇಲ್ಲವೇ ಅಲ್ಲೇ ಅಡ್ಡಾಗುತ್ತಿದ್ದರು. ಯಾರಿಲ್ಲದಾಗ ನಮ್ಮ ಮನೆ ಹೀಗಿರುತ್ತದೆ ಎಂದು ನಾನು ಮೊದಲ ಸಲ ನೋಡುತ್ತಿದ್ದೆ. ಹತ್ತೊಂಬತ್ತು ವರ್ಷ ಓಡಾಡಿದ ಮನೆ. ಆದರೂ ಆ ಚಿತ್ರದಲ್ಲಿ ಅದು ಬೇರೆ ಯಾರದೋ ಮನೆಯ ಹಾಗೆ ಕಾಣುತ್ತಿತ್ತು.

ಎರಡನೇ ವಾರದಲ್ಲಿ ಒಂದು ದಿನ ಫೋನು ತೆರೆದರೆ ಪರದೆಯ ತುಂಬ ಅತ್ತೆಯ ಮುಖ. ಮಾಡದ ಹತ್ತಿರ ಬಂದು ನಿಂತು, ನೇರವಾಗಿ ನನ್ನನ್ನೇ ನೋಡುತ್ತಿದ್ದರು. ರೆಪ್ಪೆ ಅಲ್ಲಾಡುತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ಅವರು ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ದೇ ಇಲ್ಲ. ನನಗೆ ತಡೆಯಲಾಗಲಿಲ್ಲ, ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದೆ. ಸ್ವಲ್ಪ ಹೊತ್ತಿಗೆ ತಿರುವಿ ನೋಡಿದರೆ ಇನ್ನೂ ಹಾಗೇ ನಿಂತಿದ್ದರು. ಎಷ್ಟು ಹೊತ್ತಾದರೂ ಕದಲದಿದ್ದಾಗ ನನಗೆ ದಿಗಿಲಾಯಿತು. ಆಮೇಲೆ ತಿಳಿಯಿತು, ಊರಲ್ಲಿ ಕರೆಂಟು ಹೋಗಿ, ಫೋನು ಮಲಗಿ, ಕೊನೆಯ ಚಿತ್ರ ನನ್ನ ಕಡೆ ಹಾಗೇ ಉಳಿದಿತ್ತು. ಸುಮಾರು ಒಂದು ತಾಸು ಆ ಮುಖ ನನ್ನನ್ನು ನೋಡುತ್ತಲೇ ಇತ್ತು.

ಅವತ್ತು ಸಂಜೆ ನಾನು ರೊಟ್ಟಿ ಬಡಿಯುತ್ತಿದ್ದೆ. ಅತ್ತೆ ಅಡುಗೆಮನೆಯ ಹೊಸ್ತಿಲ ಮೇಲೆ ಬಂದು ಕೂತರು.

"ಮಾಡದಾಗ ಒಬ್ಬಾಕಿ ಬಂದು ಕುಂಡರತಾಳಲ್ಲ, ಯಾರಾಕಿ?"

"ಯಾವ ಮಾಡದಾಗ್ರಿ?"

"ದೀಪದ ಮಾಡದಾಗ. ಮುಂಜಾನಿ ನೀ ಹೋಗೂ ಹೊತ್ತಿಗೆ ಬರ್ತಾಳ. ನೀ ಬಂದಿ ಅಂದ್ರ ಇರಂಗಿಲ್ಲ."

"ಏನ್ ಮಾಡ್ತಾಳ್ರಿ ಬಂದು?"

"ನೋಡ್ತಾಳ. ಮಾತಿಲ್ಲ ಏನಿಲ್ಲ, ಸುಮ್ನ ನನ್ನ ನೋಡ್ತಾಳ."

ನನ್ನ ಕೈ ಹಿಟ್ಟಿನ ಮೇಲೆ ಹಾಗೇ ನಿಂತಿತು. ಬೆಳಗಿನಿಂದ ಸಂಜೆಯ ತನಕ ಅವರನ್ನು ನೋಡುತ್ತಿದ್ದವಳು ನಾನು. ಕ್ಯಾಮೆರಾದ ಕಣ್ಣು ಇವರ ಮೈಗೆ ತಾಕಿತೇ?

"ನೋಡಾಕ ಹ್ಯಾಂಗದಾಳ್ರಿ?"

"ಮುದುಕಿ. ಹಣಿ ಬೋಳ. ತಲಿ ಅಗದಿ ಬೆಳ್ಳಗ. ಎಲ್ಲೋ ನೋಡಿದಂಗ ಅನಸ್ತೈತಿ, ನೆನಪಾಗವಲ್ದು. ನಡುವ ಒಮ್ಮೊಮ್ಮೆ ಹೋಗಿಬಿಡ್ತಾಳ. ಬಾಗಲಾ ಸಪ್ಪಳ ಇಲ್ಲ, ಹೆಜ್ಜಿ ಸಪ್ಪಳ ಇಲ್ಲ. ಮತ್ತ ನೋಡೂದ್ರಾಗ ಬಂದು ಕುಂತಿರ್ತಾಳ."

ನಾನಲ್ಲ ಎಂದು ಒಂದು ಕ್ಷಣ ಹಗುರವಾಯಿತು. ಮರುಕ್ಷಣ, ಹಾಗಾದರೆ ಯಾರು ಎಂಬ ಹೆದರಿಕೆ ಹತ್ತಿತು. ಮನೆಯವರಿಗೆ ಹೇಳಿದರೆ, "ಡಾಕ್ಟರ್ ಮೊದಲ ಹೇಳ್ಯಾರಲ್ಲ, ಇಲ್ಲದ್ದು ಕಾಣ್ತೈತಿ ಅಂತ. ನೀ ಯಾಕ ಮನಸ್ಸಿಗಿ ಹಚ್ಕೋತಿ" ಎಂದು ಊಟಕ್ಕೆ ಕೂತರು.

ಮಾರನೆಯ ದಿನದಿಂದ ನಾನು ಕಿವಿಗೆ ಇಯರ್‌ಫೋನು ಹಾಕಿಕೊಂಡೆ. ಮಧ್ಯಾಹ್ನ ಅತ್ತೆ ಎರಡು ತಾಟು ತಂದರು. ಒಂದು ತಮಗೆ. ಇನ್ನೊಂದರಲ್ಲಿ ರೊಟ್ಟಿ, ಪುಂಡಿಪಲ್ಯ, ಒಂದು ಚಿಟಿಕೆ ಉಪ್ಪು ಹಾಕಿ ಮಾಡದ ಕೆಳಗೆ ನೆಲದ ಮೇಲಿಟ್ಟರು. ಎದುರಿಗೆ ನಿಂತು ಕಾದರು. "ಉಣ್ಣು" ಎಂದರು. ಮತ್ತೆ ಕಾದರು. ಕೊನೆಗೆ ಆ ತಾಟಿನಿಂದಲೂ ತಾವೇ ಒಂದು ತುತ್ತು ಎತ್ತಿ ಬಾಯಿಗಿಟ್ಟುಕೊಂಡು, ಮಾಡದ ಕಡೆ ನೋಡಿ ತಲೆಯಾಡಿಸಿದರು. ಅಲ್ಲಿಂದಲೂ ಯಾರೋ ತಲೆಯಾಡಿಸಿದಂತೆ ಅವರ ಮುಖ ಅರಳಿತು. ಆ ನಗುವನ್ನು ನಾನು ಅಲ್ಲಿಯ ತನಕ ಕಂಡಿರಲಿಲ್ಲ.

ಮೂರು ದಿನ ಬಿಟ್ಟು, ಅವರು ಮಾಡದೊಳಗಿನವಳನ್ನು "ಅಕ್ಕಾ" ಎಂದರು.

"ಗುರ್ತ ಸಿಕ್ತು ಬಿಡು. ಅಕ್ಕ ಅಲ್ಲೇನು ನೀ? ಮುದುಕಿ ಆಗೀಯಲ್ಲಬೇ! ಅಲ್ಲೂ ವಯಸ್ಸಾಗ್ತೈತೇನು?"

ಹೊರಗೆ ಒಂದು ಟ್ರ್ಯಾಕ್ಟರು ಹಾಸಿನ ಮೇಲೆ ನಿಂತು ಹಾರ್ನ್ ಹೊಡೆಯುತ್ತಿತ್ತು. ನನಗೆ ಏಳಲು ಆಗಲಿಲ್ಲ.

"ಮನಿ ನೋಡಾಕ ಬಂದೀ? ನೋಡು. ನಿನ್ನ ಬೀಸೂಕಲ್ಲು ಇದ್ದಲ್ಲೇ ಐತಿ. ನಾ ಏನ್ ಹಾಳ ಮಾಡಿಲ್ಲ. ನಾ ಕೇಳಿ ಬಂದಾಕಿ ಅಲ್ಲ ಅಕ್ಕಾ. ನಿನ್ನ ಮಣ್ಣ ಮಾಡಿ ತಿಂಗಳ ಸೈತ ಆಗಿರಲಿಲ್ಲ. ನಿನ್ನ ಸೀರಿ ಉಡಿಸಿ ನನ್ನ ಕರ್ಕೊಂಡ ಬಂದ್ರು. ಬಳಿನೂ ನಿನ್ನವ. ಕೈಗಿ ದೊಡ್ಡಾಗತಿದ್ದವು. ರೊಟ್ಟಿ ಬಡಿಯೂ ಮುಂದ ಜಾರಿ ಹಿಟ್ಟಿನ್ಯಾಗ ಬೀಳತಿದ್ದವು."

ಹೊರಗಿನವರು ಬಂದು ಕಿಟಕಿ ಬಡಿದಾಗಲೇ ನನಗೆ ಎಚ್ಚರವಾದದ್ದು. ಚೀಟಿ ತೆಗೆಯುವಾಗ ಗಾಡಿಯ ನಂಬರು ಎರಡು ಸಲ ತಪ್ಪಿತು.

ಭಾನುವಾರ ಅತ್ತೆ ಹಿತ್ತಲಲ್ಲಿ ಬಿಸಿಲಿಗೆ ಕೂತಿದ್ದಾಗ ಗಂಡನನ್ನು ಕೇಳಿದೆ. "ಮಾವನವ್ರಿಗಿ ಮೊದಲ ಒಂದ ಲಗ್ನ ಆಗಿತ್ತೇನ್ರಿ?"

ಅವರು ಶೇವಿಂಗ್ ನಿಲ್ಲಿಸಿ ನನ್ನ ಕಡೆ ತಿರುಗಿದರು. ಅರ್ಧ ಮುಖಕ್ಕೆ ನೊರೆ. "ಯಾರ ಹೇಳಿದ್ರು ನಿನಗ?"

"ಅತ್ತಿನ. ನನಗಲ್ಲ. ಮಾಡದಾಗ ಕುಂತಾಕಿಗಿ ಹೇಳಾಕತ್ತಿದ್ರು."

ಅವರು ಟವೆಲಿನಿಂದ ನೊರೆ ಒರೆಸಿಕೊಂಡರು. ಆಮೇಲೆ ಹೇಳಿದರು. ಮಾವನವರ ಮೊದಲ ಹೆಂಡತಿ ಅತ್ತೆಯ ಒಡಹುಟ್ಟಿದ ಅಕ್ಕ. ಚೊಚ್ಚಲ ಹೆರಿಗೆಯಲ್ಲಿ, ಇದೇ ಮನೆಯ ಒಳಕೋಣೆಯಲ್ಲಿ ಹೋದಳು. ಕೂಸೂ ಉಳಿಯಲಿಲ್ಲ. ಅತ್ತೆಗೆ ಆಗ ಹದಿನಾಲ್ಕು. ಎರಡೂ ಮನೆಯ ಹಿರಿಯರು ಕೂತು ಮಾತಾಡಿ, ಸಂಬಂಧ ಕಡಿಯಬಾರದೆಂದು ತಂಗಿಯನ್ನು ತಂದು ಅದೇ ಮನೆ ತುಂಬಿಸಿದರು.

"ಆಕಿ ಸುದ್ದಿ ಈ ಮನ್ಯಾಗ ಯಾರೂ ತಗೀತಿರಲಿಲ್ಲ. ನನಗೂ ಸೋದರಮಾವ ಹೇಳಿದ್ದು, ಅದೂ ಒಮ್ಮೆ. ಒಂದ ಫೋಟೋ ಸೈತ ಇಲ್ಲ" ಎಂದರು. ಇಲ್ಲದ್ದು ಕಾಣುತ್ತದೆ ಎಂಬ ಮಾತನ್ನು ಅವತ್ತು ಅವರು ಮತ್ತೆ ಹೇಳಲಿಲ್ಲ.

ಆಮೇಲಿನ ದಿನಗಳಲ್ಲಿ ನಾನು ಆ ಮನೆಯಲ್ಲಿ ಹೇಗೆ ಓಡಾಡಿದೆನೋ. ಕಾಯಿಲೆಯ ಭ್ರಮೆ ಎಂದುಕೊಂಡಷ್ಟು ದಿನ ಹೆದರಿಕೆಗೆ ಒಂದು ಹೆಸರಿತ್ತು. ಈಗ ನಿಜವಾಗಿ ಸತ್ತ ಒಬ್ಬಳು ಇದ್ದಳು. ಅವಳ ಬೀಸುಕಲ್ಲಿನ ಮೇಲೆ ನಾನು ಉಪ್ಪಿನಕಾಯಿ ಭರಣಿ ಇಟ್ಟಿದ್ದೆ. ಸಂಜೆ ಬಂದು ಚಾರ್ಜರ್ ತೆಗೆಯುವಾಗ ಮುಖ ಪಕ್ಕಕ್ಕೆ ತಿರುಗಿಸಿಕೊಂಡೇ ಕೈ ಹಾಕುತ್ತಿದ್ದೆ. ಮಾಡದ ಕಪ್ಪಿನೊಳಗೆ ಬೆರಳು ಹೋದರೆ ಎಣ್ಣೆಯ ಜಿಡ್ಡು ತಣ್ಣಗೆ ತಾಕುತ್ತಿತ್ತು.

ಒಂದು ಬುಧವಾರ ವೇಬ್ರಿಡ್ಜಿನ ಯಂತ್ರ ಕೆಟ್ಟಿತು. ರಿಪೇರಿಯವರು ಹುಬ್ಬಳ್ಳಿಯಿಂದ ಬರಬೇಕಿತ್ತು. ಮಾಲೀಕರು ಮನೆಗೆ ಹೋಗೆಂದರು. ಊರು ಮುಟ್ಟಿದಾಗ ಹನ್ನೆರಡೂವರೆ ಇರಬೇಕು. ಓಣಿಯಲ್ಲಿ ನರಪಿಳ್ಳೆ ಇರಲಿಲ್ಲ. ಬಿಸಿಲಿಗೆ ಗೋಡೆಗಳ ನೆರಳು ಕೂಡ ಕಾಲಡಿಗೆ ಸರಿದಿತ್ತು. ಸ್ಕೂಟಿಯನ್ನು ಆಚೆಯೇ ನಿಲ್ಲಿಸಿ, ಚಪ್ಪಲಿ ಬಿಟ್ಟು, ಸಪ್ಪಳ ಮಾಡದೆ ತಲೆಬಾಗಿಲಲ್ಲಿ ನಿಂತೆ. ಯಾಕೆ ಹಾಗೆ ಕಳ್ಳಹೆಜ್ಜೆ ಇಟ್ಟೆನೋ ಗೊತ್ತಿಲ್ಲ. ಕಣ್ಣಾರೆ ನೋಡಿಯೇ ಬಿಡಬೇಕು ಎಂದಿತ್ತೇನೋ.

ಬಿಸಿಲಿನಿಂದ ಬಂದ ಕಣ್ಣಿಗೆ ಮೊದಲು ಏನೂ ಕಾಣಲಿಲ್ಲ. ಆಮೇಲೆ ಅತ್ತೆಯ ಬೆನ್ನು ಕಂಡಿತು. ಕಾಳಿನ ಡಬ್ಬಿಯ ಮೇಲೆ ಕೂತು ಮಾಡದ ಕಡೆ ಬಾಗಿದ್ದರು. ಅವರ ಭುಜದ ಮೇಲಿಂದ, ಕಪ್ಪು ಮಾಡದೊಳಗೆ, ಒಂದು ಮುಖ ಹೊರಗೆ ನೋಡುತ್ತಿತ್ತು.

ಬೆಳ್ಳಗಿನ ತಲೆ. ಬೋಳು ಹಣೆ. ಕೆಳಗಿನಿಂದ ದೀಪ ಹಿಡಿದಂತೆ ಬೆಳಗುತ್ತಿದ್ದ ಮುದಿ ಮುಖ. ಕೈ ತಾನಾಗಿ ಬಾಗಿಲ ಚೌಕಟ್ಟನ್ನು ಹಿಡಿಯಿತು. ಆ ಮುಖದ ತುಟಿ ಅಲುಗಿತು. ಅದೇ ಹೊತ್ತಿಗೆ ಅತ್ತೆಯ ದನಿ ಕೇಳಿತು.

"ಅಕ್ಕಾ, ನಿನ್ನ ಹಿಂದ ಯಾರೋ ನಿಂತಾರ ನೋಡು."

ನಾನು ನೋಡಿದೆ. ಮಾಡದೊಳಗಿನ ಮುಖದ ಹಿಂದೆ, ಬೆಳಕಿನ ಒಂದು ಸಣ್ಣ ಬಾಗಿಲು. ಬಾಗಿಲಲ್ಲಿ ಚೌಕಟ್ಟು ಹಿಡಿದು ನಿಂತ ಒಬ್ಬ ಹೆಂಗಸು. ಅವಳ ಸೀರೆ ನನ್ನ ಸೀರೆ. ಅತ್ತೆ ನನ್ನ ಕಡೆ ತಿರುಗಲೇ ಇಲ್ಲ. ಮಾಡವನ್ನೇ ನೋಡುತ್ತ ಹೇಳಿದರು:

"ನಿನಗೂ ಸೊಸಿ ಬಂದಾಳೇನು? ಅಗದಿ ನಮ್ಮಾಕಿ ಇದ್ದಂಗ ಅದಾಳ. ಆಕಿನೂ ಹಿಂಗ, ಬಂದಿದ್ದು ಗೊತ್ತಾಗಂಗಿಲ್ಲ, ಹೋಗಿದ್ದು ಗೊತ್ತಾಗಂಗಿಲ್ಲ. ಮಾತ ಕಮ್ಮಿ. ಆದ್ರ ಕೈ ಚಲೋ. ಬಡವರ ಮನಿಯಿಂದ ಬಂದು ಎಲ್ಲಾ ಹೊತ್ಕೊಂಡ ಹೊಂಟಾಳ. ನಾ ಒಮ್ಮೆರ ಚಲೋ ಮಾತ ಆಡಬೇಕಿತ್ತು."

ಹೊಸ್ತಿಲ ಮೇಲೆಯೇ ಕೂತೆ. ಎಲ್ಲ ತಿಳಿದಿತ್ತು. ಮುಂದಿನ ಕ್ಯಾಮೆರಾ, ಆರದ ಪರದೆ, ಪರದೆಯ ತುಂಬ ಕ್ಯಾಮೆರಾ ಕಂಡದ್ದೇ. ದಿನಾ ಬೆಳಿಗ್ಗೆ ಚಾರ್ಜರ್ ಹಚ್ಚುವಾಗ ನನ್ನ ಮುಖವೂ ಅದರಲ್ಲಿ ಕಂಡಿತ್ತು, ನಾನು ಗಮನಿಸಿರಲಿಲ್ಲ. ಕನ್ನಡಿ ನೋಡಿ ರೂಢಿಯಾದವರಿಗೆ ತಮ್ಮ ಮುಖ ಕಾಣುವುದೇ ಇಲ್ಲ. ಮಾವನವರು ಹೋದ ಮೇಲೆ ಅತ್ತೆ ಕನ್ನಡಿಯ ಮುಂದೆ ನಿಂತದ್ದನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಎಷ್ಟೋ ವರ್ಷದ ಹಿಂದೆ ನೋಡುವುದು ಬಿಟ್ಟ ಮುಖ ಈಗ ಹೇಗಾಗಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ತವರಿನ ಚಹರೆ ಮಾತ್ರ ಗುರುತು ಸಿಕ್ಕಿತ್ತು.

ತಿಳಿದ ಮೇಲೆ ಹೆದರಿಕೆ ಹೋಗಬೇಕಿತ್ತು. ಹೋಗಲಿಲ್ಲ.

ಮರುದಿನವೇ ಅಂಗಡಿಗೆ ಹೋದೆ. ಕಾಕಾ ಕೇಳಿ ಕನ್ನಡಕ ತೆಗೆದು ಒರೆಸಿಕೊಂಡರು. "ಇದಕ್ಕೂ ಉಪಾಯ ಐತ್ರಿ. ಒಳಗ ಎಚ್ಚರ ಇದ್ದು ಮ್ಯಾಲೆ ಪರದಾ ಕರ್ರಗ ಮಾಡೂಹಂಗ ಆ್ಯಪ್ಪಿನ್ಯಾಗ ಬರ್ತೈತಿ. ನಿಮಗ ಮನಿ ಕಾಣ್ತೈತಿ, ಅವರಿಗೆ ಏನೂ ಕಾಣಂಗಿಲ್ಲ" ಎಂದು ಮಾಡಿಕೊಟ್ಟರು. ಸಮಾಧಾನವಾಯಿತು. ಅತ್ತೆಗೆ ಒಂದೆರಡು ದಿನದಲ್ಲಿ ಮರೆತುಹೋಗುತ್ತದೆ ಎಂದುಕೊಂಡೆ. ಎಲ್ಲ ಮರೆಯುವವರು ಇದನ್ನು ಮಾತ್ರ ನೆನಪಿಡುತ್ತಾರೆಯೇ?

ಮೊದಲ ದಿನ ಬೆಳಿಗ್ಗೆ ಹತ್ತಕ್ಕೆ ನೋಡಿದಾಗ ಅತ್ತೆ ಮಾಡದ ಮುಂದೆ ನಿಂತಿದ್ದರು. ಹನ್ನೊಂದಕ್ಕೂ ಅಲ್ಲೇ. ಅಡುಗೆಮನೆಗೆ, ಒಳಕೋಣೆಗೆ, ಹಿತ್ತಲಿಗೆ ಹೋಗಿ ಬಂದು ಮತ್ತೆ ಅಲ್ಲೇ ನಿಲ್ಲುತ್ತಿದ್ದರು. "ಅಕ್ಕಾ" ಎಂದು ಮೆಲ್ಲಗೆ ಕರೆದರು. ಆಮೇಲೆ ಜೋರಾಗಿ. ಆ ಕರೆ ನನ್ನ ಕಿವಿಯೊಳಗೇ ಕೇಳಿತು. ಸಾಲಾಗಿ ನಾಲ್ಕು ಲಾರಿ ಬಂದವು. ಮುಗಿಸಿ ಫೋನು ತೆರೆದಾಗ ಪಡಸಾಲೆ ಖಾಲಿ. ತಲೆಬಾಗಿಲು ತೆರೆದು, ಅಲ್ಲಿಂದ ಬಿಸಿಲು ಒಳಗೆ ಸುರಿಯುತ್ತಿತ್ತು. ಎರಡು ತಾಟು ಮಾಡದ ಕೆಳಗೆ ಇಟ್ಟಲ್ಲೇ ಇದ್ದವು.

ಸ್ಕೂಟಿ ಹೇಗೆ ಓಡಿಸಿದೆನೋ ನೆನಪಿಲ್ಲ. ಮನೆಯಲ್ಲಿ ಇಲ್ಲ, ಓಣಿಯಲ್ಲಿ ಇಲ್ಲ, ಬಸ್ ಸ್ಟ್ಯಾಂಡಿನಲ್ಲೂ ಇಲ್ಲ. ಅಲ್ಲಿ ಹಗ್ಗ ಹೊಸೆಯುತ್ತ ಕೂತಿದ್ದ ಒಬ್ಬರು ಶಲವಡಿ ಕಡೆಯ ಹಾದಿ ತೋರಿಸಿದರು. ಕಡಲೆ ಕಿತ್ತು ಬಯಲಾದ ಎರೆಹೊಲಗಳ ನಡುವೆ ಆ ಹಾದಿಗೆ ಒಂದು ಮರದ ನೆರಳೂ ಇಲ್ಲ. ಬಿಸಿಲುಗುದುರೆಯಲ್ಲಿ ಕಾಲಿಲ್ಲದಂತೆ, ನೆಲದಿಂದ ಒಂದು ಮೊಳ ಮೇಲೆ, ಒಂದು ಬಿಳಿ ಸೀರೆ ತೇಲಿ ಹೋಗುತ್ತಿತ್ತು. ಹತ್ತಿರ ಹೋದರೆ ಅತ್ತೆ. ಬರಿಗಾಲು. ಹಿಮ್ಮಡಿಯಿಂದ ರಕ್ತ ಒಸರುತ್ತಿತ್ತು.

"ಎಲ್ಲಿಗಿ ಹೊಂಟೀರಿ ಅತ್ತಿ?"

"ಅಕ್ಕ ತವರಿಗಿ ಹೋಗ್ಯಾಳ. ಸಿಟ್ಟಾಗಿ ಹೋಗ್ಯಾಳ. ಕರ್ಕೊಂಡ ಬರ್ತೀನಿ."

ಶಲವಡಿ ಅವರ ತವರೂರು. ಅಲ್ಲಿ ಈಗ ಅವರ ಮನೆಯೂ ಇಲ್ಲ, ಮನೆಯವರೂ ಇಲ್ಲ.

"ನಾ ಕರ್ಕೊಂಡ ಬರ್ತೀನ್ರಿ. ಹೋಗೂಣು ಬರ್ರಿ ಮನಿಗಿ" ಎಂದೆ.

ಅವತ್ತು ಸಂಜೆ ನಾನೂ ನನ್ನ ಗಂಡನೂ ಜಗಳವಾಡಿದೆವು. ಫೋನನ್ನೇ ತೆಗೆದುಹಾಕು ಎಂದರು ಅವರು. "ಅವ್ವನ ಮುಖ ಅವ್ವಗ ತೋರಿಸಿ ಮಳ್ಳ ಮಾಡೂದು ನನಗ ಸರಿ ಕಾಣವಲ್ದು." ನನಗೂ ಸರಿ ಕಂಡಿರಲಿಲ್ಲ. ಆದರೆ ಆ ಹಿಮ್ಮಡಿಗೆ ಅರಿಶಿನ ಹಚ್ಚಿದ್ದು ನಾನು. ಮರುದಿನ ಬೆಳಿಗ್ಗೆ ಕಪ್ಪು ಪರದೆಯನ್ನು ತೆಗೆದುಬಿಟ್ಟೆ. ಅತ್ತೆ ಮಾಡದ ಮುಂದೆ ಬಂದು ನಿಂತರು. "ಬಂದ್ಯಾ?" ಎಂದರು, ಅಷ್ಟೇ. ಹೋಗಿ ಕಡಲೆಯ ಮೊರ ತಂದುಕೊಂಡು ಎದುರಿಗೆ ಕೂತರು.

ನಾನು ಮಾಡಿದ ಇನ್ನೊಂದು ಕೆಲಸವೆಂದರೆ ದನಿ ನಿಲ್ಲಿಸಿದ್ದು. ಚಿತ್ರ ಮಾತ್ರ ಬರುತ್ತಿತ್ತು. ಅಕ್ಕತಂಗಿಯರು ಏನು ಮಾತಾಡಿದರೋ ಆಮೇಲೆ ನನಗೆ ಗೊತ್ತಿಲ್ಲ. ಒಮ್ಮೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಒಮ್ಮೆ ಎರಡೂ ಕೈಯ ಮಣಿಕಟ್ಟು ಎತ್ತಿ ತೋರಿಸುತ್ತಿದ್ದರು. ಎಲ್ಲ ಸದ್ದಿಲ್ಲದೆ ನಡೆಯುತ್ತಿತ್ತು, ನೀರಿನ ಕೆಳಗೆ ನಡೆದ ಹಾಗೆ.

ಯುಗಾದಿ ಕಳೆದು ವಾರವಾಗಿತ್ತು. ಮಧ್ಯಾಹ್ನ ಫೋನು ತೆರೆದರೆ ಪೂರ್ತಿ ಕತ್ತಲೆ. ಕರೆಂಟು ಹೋದರೆ ಚಿತ್ರ ನಿಂತುಬಿಡುತ್ತದೆಯೇ ಹೊರತು ಕತ್ತಲಾಗುವುದಿಲ್ಲ. ಕೂಡಲೇ ಹೊರಟೆ. ಈ ಸಲ ತಲೆಬಾಗಿಲು ಮುಚ್ಚಿತ್ತು. ಒಳಗೆ ಹೋದರೆ ಅತ್ತೆ ಮಾಡದ ಕೆಳಗೆ ಕೌದಿ ಹಾಸಿಕೊಂಡು ಮಲಗಿದ್ದರು. ಉಸಿರು ಏರಿಳಿಯುವುದು ಕಂಡು ನನ್ನ ಉಸಿರು ಬಂತು. ಮಾಡಕ್ಕೆ ಅವರ ಹಳೆಯ ಸೀರೆಯ ತುಂಡೊಂದನ್ನು ಇಳಿಬಿಟ್ಟು, ಎರಡು ಮೊಳೆಗೆ ಸಿಕ್ಕಿಸಿದ್ದರು. ಬಟ್ಟೆಯ ಹಿಂದೆ ಬೆಳಕು ಮಸುಕಾಗಿ ಉರಿಯುತ್ತಿತ್ತು.

ನಾನು ಪಕ್ಕದಲ್ಲಿ ಕೂತೆ. ಅವರಿಗೆ ಎಚ್ಚರವಾಯಿತು.

"ಯಾಕ್ರಿ ಅತ್ತಿ, ಮಾಡ ಮುಚ್ಚೀರಲ್ಲ?"

"ಹಗಲೆಲ್ಲಾ ಕಣ್ಣ ತೆರಕೊಂಡ ಕುಂಡರತಾಳ. ಕಣ್ಣ ಕೆಂಪಾಗ್ಯಾವು ಆಕೀವು. ನಿದ್ದಿ ಮಾಡಬೇ ಅಂದೆ. ನಾನೂ ಮಲಗಿದೆ. ಎಲ್ಲಾ ಮಾತ ಮುಗದಾವು."

ಅವರ ಕಣ್ಣು ನಿಜವಾಗಿಯೂ ಕೆಂಪಾಗಿದ್ದವು.

ಆಗ ನಾನು ಹೇಳಿದೆ. ಯಾಕೆ ಅವತ್ತೇ ಎಂದರೆ ಗೊತ್ತಿಲ್ಲ. ಆ ಫೋನು ಇಟ್ಟದ್ದು ನಾನು, ಅದರಲ್ಲಿ ದಿನಾ ನಿಮ್ಮನ್ನು ನೋಡುತ್ತಿದ್ದೆ, ಕೆಲವು ದಿನ ನಿಮ್ಮ ಮಾತೂ ಕೇಳಿಸಿಕೊಂಡೆ, ನಿಮಗೆ ಸುಳ್ಳು ಹೇಳಿದೆ ಎಂದೆ. ಎಷ್ಟು ಅರ್ಥವಾಯಿತೋ, ಅವರು ಮಲಗಿದಲ್ಲಿಂದಲೇ ನನ್ನ ಮುಖ ನೋಡುತ್ತಿದ್ದರು.

"ನೀನೂ ಅಲ್ಲೇ ಇದ್ದೇನು?" ಎಂದರು.

"ಹೌದ್ರಿ."

"ಇದ್ದಾಕಿ ಒಂದ ಮಾತರ ಆಡಬಾರದಿತ್ತೇನ?"

ಬೈಗುಳದ ದನಿಯಲ್ಲ. ನಿಜವಾಗಿ ಕೇಳುತ್ತಿದ್ದರು. ನಾನು ಎದ್ದೆ. ಚಾರ್ಜರ್ ಕಿತ್ತೆ. ಬಟ್ಟೆಯ ಹಿಂದಿನ ಬೆಳಕು ಸ್ವಲ್ಪ ಹೊತ್ತು ಇದ್ದು ಆರಿತು. ಅತ್ತೆ ಆ ಕಡೆ ತಿರುಗಿಯೂ ನೋಡಲಿಲ್ಲ. ಮುಂದೆ ಒಂದು ದಿನವೂ ಅವರು ಅಕ್ಕನನ್ನು ಕೇಳಲಿಲ್ಲ.

ಆ ಬೇಸಿಗೆಯಲ್ಲೇ ಮಾಲೀಕರ ಒಪ್ಪಿಗೆ ಪಡೆದು ಅತ್ತೆಯನ್ನು ನನ್ನ ಜೊತೆಗೆ ಕರೆದುಕೊಂಡು ಹೋಗತೊಡಗಿದೆ. ಸ್ಕೂಟಿಯ ಹಿಂದೆ ನನ್ನ ಸೊಂಟ ಗಟ್ಟಿಯಾಗಿ ಹಿಡಿದು ಕೂರುತ್ತಾರೆ. ವೇಬ್ರಿಡ್ಜಿನ ಕೋಣೆಯಲ್ಲಿ ಕಿಟಕಿಯ ಪಕ್ಕ ಅವರಿಗೊಂದು ಕುರ್ಚಿ. ಮೆಣಸಿನಕಾಯಿ ಲೋಡು ಬಂದರೆ ನನಗಿಂತ ಮೊದಲು ಅವರು ಸೀನುತ್ತಾರೆ, ಡ್ರೈವರುಗಳು ನಗುತ್ತಾರೆ. ಗಾಡಿ ಇಲ್ಲದ ಹೊತ್ತಿನಲ್ಲಿ ನಾವಿಬ್ಬರೂ ಮಾತಾಡುತ್ತೇವೆ. ಅಂದರೆ, ನಾನು ಮಾತಾಡುವುದನ್ನು ಕಲಿಯುತ್ತಿದ್ದೇನೆ. ನನ್ನ ತವರಿನ ಸುದ್ದಿ, ನಾನು ಶಾಲೆ ಬಿಟ್ಟದ್ದು, ಮದುವೆಯ ದಿನ ಅತ್ತದ್ದು ಎಲ್ಲವನ್ನೂ ಹೇಳುತ್ತೇನೆ. ಅವರು ಮೊದಲ ಸಲ ಕೇಳಿದಂತೆ ಕೇಳುತ್ತಾರೆ. ಮರುದಿನ ಮತ್ತೆ ಹೇಳಿದರೆ ಮತ್ತೆ ಮೊದಲ ಸಲ.